ಅಕ್ಕೋರು ಬಂಡೆ ಹತ್ತಿದ್ದು: ಒಂದು ಪ್ರಕರಣ ಅಧ್ಯಯನ

ವಯಸ್ಸು 67. ಧಾರವಾಡದವರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ತೂಕ 71 ಕಿಲೋ. ಬಿ.ಪಿ. ಇದೆ, ಗುಳಿಗೆಯಿಂದ ಹಿಡಿತದಲ್ಲಿದೆ. ಸಕ್ಕರೆ ಕಾಯಿಲೆ ಇಲ್ಲ. ಎರಡೂ ಮೊಣಕಾಲಲ್ಲಿ ಸವೆತ, ಬಲಗಡೆ ಹೆಚ್ಚು. ಬೇಡಿಕೆ: ಬಾದಾಮಿಯಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಬೇಕು.

ಓಣಿಗೆಲ್ಲ ಅವರು ಅಕ್ಕೋರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆಯಿದೆ, ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುವವನು. ಅವರು ನನ್ನ ಹತ್ತಿರ ಬಂದದ್ದು ಮೊಣಕಾಲು ನೋವಿಗೆ. ನನಗೂ ಬಂಡೆ ಹತ್ತುವ ಹುಚ್ಚಿದೆ ಎಂದು ಯಾರೋ ಅವರ ಮಗನಿಗೆ ಹೇಳಿದ್ದರು. ಹಾಗಾಗಿ ಮೊಣಕಾಲಿನ ಮಾತು ಎರಡನೇ ಭೇಟಿಗೇ ಬಾದಾಮಿಯ ಮಾತಾಯಿತು.

ನಮ್ಮ ಕಡೆಯ ಶಾಲೆಗಳ ಪ್ರವಾಸವೆಂದರೆ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ. ಎಲ್ಲವೂ ಒಂದೇ ದಿನಕ್ಕೆ ಮುಗಿದು, ರಾತ್ರಿ ಶಾಲೆಯ ಮುಂದೆ ಬಸ್ಸು ನಿಲ್ಲುವ ಹೊತ್ತಿಗೆ ಪಾಲಕರು ಕಾಯುತ್ತಿರುತ್ತಾರೆ. ಅಕ್ಕೋರು ನೌಕರಿಯುದ್ದಕ್ಕೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದವರು. ಮೂರನೇ ಗುಹೆಯನ್ನು ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ್ದು, ಶಾಸನದ ಕಾಲ 578 ಎಂದು ಅವರು ಈಗಲೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. "ಆಚಿ ಕಡೆ ಬಂಡಿಗೆ ಹಗ್ಗಾ ಹಾಕ್ಕೊಂಡು ಹುಡುಗ್ರು ಹತ್ತೂದು ಕಾಣತಿತ್ರಿ. ನಿಂತು ನೋಡೂಣಂದ್ರ ನಮ್ಮ ಹುಡುಗ್ರನ್ನ ಎಣಿಸೂದರಾಗ ಹೊತ್ತು ಹೋಗತಿತ್ತು" ಅಂದರು. ಅಲ್ಲಿ ಅದನ್ನು ಇನ್ನಷ್ಟು ಕೆದಕಬೇಕು ಎನ್ನಿಸಲಿಲ್ಲ.

ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು, ಒಳಾಂಗಣ ಗೋಡೆಯ ಮೇಲೆ ಹತ್ತಿ ಪಳಗಿದವನು. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ರೆಮಿ ಎಂಬ ಅಜ್ಜ 2017ರಲ್ಲಿ, 94ನೇ ವಯಸ್ಸಿಗೆ, ಆಲ್ಪ್ಸ್‌ನಲ್ಲಿ ಕಡಿದಾದ ಬಂಡೆ ಹತ್ತಿದ ಸುದ್ದಿಯನ್ನು ಅವ್ವನಿಗೆ ತೋರಿಸಿ ಹುರುಪು ತುಂಬಿದ್ದು ಅವನೇ. ಆ ಅಜ್ಜ ಜೀವಮಾನವಿಡೀ ಹತ್ತಿದವನು, ಅವನ ಇಬ್ಬರು ಗಂಡುಮಕ್ಕಳೂ ಹೆಸರಾಂತ ಆರೋಹಿಗಳು. ಮೊದಲ ಸಲ ಹಾರ್ನೆಸ್ (ಹಗ್ಗ ಕಟ್ಟಲು ಸೊಂಟಕ್ಕೂ ತೊಡೆಗೂ ಹಾಕುವ ಪಟ್ಟಿ) ಕಟ್ಟಿಕೊಳ್ಳುವ 67ರ ಅಕ್ಕೋರಿಗೂ ಅವನಿಗೂ ತಾಳೆ ಹಾಕುವುದು ತಪ್ಪು. ಆದರೆ ಹುರುಪಿಗೆ ಲೆಕ್ಕ ಬೇಕಿಲ್ಲ.

ಗದಗಿನಲ್ಲಿರುವ ಮಗಳದು ಖಡಾಖಂಡಿತ ವಿರೋಧ. ಯಜಮಾನರಿಗೆ 73. "ನಿನಗ್ಯಾಕ ಬೇಕು ಈ ಉಸಾಬರಿ" ಎಂದು ದಿನಕ್ಕೊಮ್ಮೆ ಅನ್ನುವುದನ್ನು ಬಿಟ್ಟರೆ ಅವರು ಅಡ್ಡಗಾಲು ಹಾಕಲಿಲ್ಲ.

ತಯಾರಿ

ಮೊದಲು ನೋಡಿದ್ದು ಕಾಲಿನ ಬಲ. ಕೈಯಾಸರೆ ಇಲ್ಲದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲರು ಎಂಬ ಸರಳ ಪರೀಕ್ಷೆ ಇದೆ. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚೆಂದು ಲೆಕ್ಕ. ಅಕ್ಕೋರು 12 ಮಾಡಿದರು, ಹನ್ನೆರಡನೆಯದಕ್ಕೆ ಸ್ವಲ್ಪ ಮುಲುಕಿದರು. ಮಲಗಿಸಿ, ಆಮೇಲೆ ನಿಲ್ಲಿಸಿ ಬಿ.ಪಿ. ನೋಡಿದೆ. 132/80 ಇದ್ದದ್ದು 126/78 ಆಯಿತು. ಅಷ್ಟು ಇಳಿತ ಸಹಜ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರ ಚಿಂತೆ. ಈ ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಬೆಳಿಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ನಡಿಗೆ, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬಂದು ನೃಪತುಂಗ ಬೆಟ್ಟ ಹತ್ತಿ ಇಳಿಯುವುದು, ಮನೆಯಲ್ಲಿ ತೊಡೆಯ ಸ್ನಾಯುಗಳಿಗೆ ವ್ಯಾಯಾಮ. ಬೆರಳಿನ ವ್ಯಾಯಾಮ ಬೇಡವೆಂದೆ. ಬೆರಳಿನ ಸ್ನಾಯುರಜ್ಜುಗಳು ಹುರಿಗೊಳ್ಳಲು ತಿಂಗಳುಗಟ್ಟಲೆ ಬೇಕು, ಆ ವಯಸ್ಸಿಗೆ ಅವಸರ ಮಾಡಿದರೆ ಉಳುಕೇ ಗತಿ. ಅವರು ಹತ್ತಲಿರುವ ಬಂಡೆಗೆ ಬೆರಳಿಗಿಂತ ಕಾಲು ಮುಖ್ಯ.

ನೃಪತುಂಗ ಬೆಟ್ಟದಿಂದ ಇಳಿಯುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹತ್ತುವಾಗ ಸಲೀಸಾಗಿದ್ದವರು ಇಳಿಯುವಾಗ ಪ್ರತಿ ಹೆಜ್ಜೆಯನ್ನೂ ತಡವರಿಸಿ ಇಡುತ್ತಿದ್ದರು. ಮೊಣಕಾಲಿನ ನೋವಿರಬೇಕೆಂದು ಕೇಳಿದರೆ ಅಲ್ಲವೆಂದರು. ಕನ್ನಡಕ ತೆಗೆಸಿ ನೋಡಿದೆ. ದೂರಕ್ಕೂ ಓದಿಗೂ ಒಂದೇ ಗಾಜು, ಕೆಳಭಾಗ ಓದಲಿಕ್ಕೆ. ತಲೆ ತಗ್ಗಿಸದೆ ಕಣ್ಣಷ್ಟೇ ಕೆಳಗೆ ಹೊರಳಿಸಿದರೆ ನೋಟ ಆ ಓದುವ ಭಾಗದಿಂದ ಹಾಯುತ್ತದೆ. ಪುಸ್ತಕದ ದೂರಕ್ಕೆ ಹೊಂದಿಸಿದ ಗಾಜಿನಲ್ಲಿ ಐದು ಅಡಿ ಕೆಳಗಿನ ಪಾದ ಮಸುಕು. ವಯಸ್ಸಾದವರು ಮೆಟ್ಟಿಲ ಮೇಲೆ ಎಡವಲು ಇದೊಂದು ದೊಡ್ಡ ಕಾರಣ, ಬಂಡೆಯ ಮೇಲಂತೂ ಕಾಲಿಡುವ ಜಾಗ ಹುಡುಕುವುದೇ ಮುಕ್ಕಾಲು ಕೆಲಸ. ಕಪಾಟಿನಲ್ಲಿದ್ದ ಹಳೆಯ, ದೂರದೃಷ್ಟಿಯಷ್ಟೇ ಇರುವ ಕನ್ನಡಕ ಹೊರಬಂತು. ಅದಕ್ಕೊಂದು ದಾರ ಕಟ್ಟಿದರು. ಮರುವಾರ ಇಳಿಯುವ ರೀತಿಯೇ ಬೇರೆಯಾಗಿತ್ತು.

ಮಗ ಊರಿಗೆ ಬಂದಾಗ ಹಾರ್ನೆಸ್ ತಂದಿದ್ದ. ಹೊಸಬರಿಗೆ ಬಂಡೆ ಹತ್ತುವುದಕ್ಕಿಂತ ಹಗ್ಗದ ಮೇಲೆ ಭಾರ ಬಿಡುವುದು ಕಠಿಣ. ಮೇಲೆ ತಲುಪಿದ ಮೇಲೆ ಎರಡೂ ಕೈ ಬಿಟ್ಟು, ಹಿಂದಕ್ಕೆ ವಾಲಿ, ಕುರ್ಚಿಯಲ್ಲಿ ಕೂತಂತೆ ಕೂತು, ಪಾದ ಬಂಡೆಗೆ ಊರಿ ಇಳಿಯಬೇಕು. ಮೈ ಅದಕ್ಕೆ ಸುತರಾಂ ಒಪ್ಪುವುದಿಲ್ಲ, ಹೊಸಬರು ಬಂಡೆಯನ್ನು ತಬ್ಬಿ ಹಿಡಿದುಬಿಡುತ್ತಾರೆ. ಅಕ್ಕೋರ ಮನೆ ಹಳೆಯ ಕಾಲದ್ದು. ಪಡಸಾಲೆಯ ತೊಲೆಗೆ ತೂಗುಮಣೆಯ ಕಬ್ಬಿಣದ ಕೊಂಡಿಗಳಿದ್ದವು, ಮೂರು ತಲೆಮಾರಿನ ಭಾರ ಹೊತ್ತಂಥವು. ಮಣೆ ಬಿಚ್ಚಿ, ಆ ಕೊಂಡಿಗೆ ಹಗ್ಗ ಹಾಕಿ, ನೆಲದಿಂದ ಗೇಣೆತ್ತರದಲ್ಲಿ ಅವ್ವನನ್ನು ತೂಗಿಸಿದ. ಗೋಡೆಗೆ ಪಾದವೂರಿ ಹಿಂದಕ್ಕೆ ವಾಲಿ ಅವರು ಕೂತಿದ್ದಾಗಲೇ ಹಾಲಿನವನು ಬಂದು ಬಾಗಿಲಲ್ಲಿ ನಿಂತುಬಿಟ್ಟನಂತೆ. "ಏನಿಲ್ಲಪಾ, ಹಾಲು ಅಲ್ಲೇ ಇಟ್ಟು ಹೋಗು" ಅಂದರಂತೆ, ತೂಗುತ್ತಲೇ. ಸೊಸೆ ಹೇಳಿದ್ದು ಇದು. ನಾನು ಕೊಟ್ಟ ಎಲ್ಲ ವ್ಯಾಯಾಮಗಳಿಗಿಂತ ಈ ತೂಗುಮಣೆಯ ಅಭ್ಯಾಸ ಹೆಚ್ಚು ಕೆಲಸ ಮಾಡಿತು.

ಉಡುಪಿನ ವಿಷಯದಲ್ಲಿ ಜಗ್ಗಾಟ ನಡೆಯಿತು. ಸೀರೆಯ ಮೇಲೆ ಹಾರ್ನೆಸ್ ಕೂರುವುದಿಲ್ಲ. ಸೊಂಟದ ಪಟ್ಟಿ ಸೊಂಟದೆಲುಬಿನ ಮೇಲ್ಗಡೆ ಬಿಗಿಯಾಗಿ ನಿಲ್ಲಬೇಕು, ನಡುವೆ ನೆರಿಗೆಯಿದ್ದರೆ ಜಾರುತ್ತದೆ. ಚೂಡಿದಾರಕ್ಕೆ ಒಪ್ಪಿದರು. ಕೈಬಳೆ, ಉಂಗುರ ತೆಗೆಯಲೂ ಒಪ್ಪಿದರು. ಬಿರುಕಿನಲ್ಲಿ ಉಂಗುರ ಸಿಕ್ಕಿ ಮೈಭಾರ ಬಿದ್ದರೆ ಬೆರಳಿನ ಚರ್ಮವೇ ಕಿತ್ತು ಬರುತ್ತದೆ ಎಂದು ನಾನು ಸ್ವಲ್ಪ ಹೆದರಿಸಿಯೇ ಹೇಳಿದ್ದೆ. ತಾಳಿ ಒಳಗೆ ಸೇರಿಸಿ ಪಿನ್ನು ಹಾಕುವುದೆಂದಾಯಿತು. ಕಾಲುಂಗುರ ಮಾತ್ರ ತೆಗೆಯುವುದಿಲ್ಲವೆಂದರು. ಆರೋಹಣದ ಬೂಟು ಬೆರಳನ್ನು ಹಿಂಡುವಂತೆ ಬಿಗಿ, ಅದರೊಳಗೆ ಬೆಳ್ಳಿಯ ಕಾಲುಂಗುರವಿದ್ದರೆ ನಿಲ್ಲಲಾಗದು. ಕೊನೆಗೆ ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಬೂಟು ಗೊತ್ತುಮಾಡಿದೆವು. ಅವರು ಹತ್ತುವ ದಾರಿಗೆ ಅದು ಸಾಕು. ಬಾದಾಮಿಯಲ್ಲೇ 'ಗಣೇಶ' ಎಂಬ 8ಬಿ+ ದರ್ಜೆಯ ದಾರಿಯಿದೆ, ದೇಶದ ಅತಿ ಕಠಿಣ ದಾರಿಗಳಲ್ಲೊಂದು. ನಾವು ಹುಡುಕಿದ್ದು 4ರ ಆಸುಪಾಸಿನದನ್ನು: ನೆಟ್ಟಗೆ ನಿಲ್ಲದೆ ಸ್ವಲ್ಪ ಹಿಂದಕ್ಕೆ ಒರಗಿದ, 12 ಮೀಟರಿನ ಬಂಡೆ. ಹಗ್ಗ ಮೇಲಿನ ಆ್ಯಂಕರಿನಿಂದ, ಅಂದರೆ ಬಂಡೆಗೆ ಭದ್ರಪಡಿಸಿದ ಆಧಾರದಿಂದ, ಇಳಿಬಿದ್ದಿರುತ್ತದೆ, ಒಂದು ತುದಿ ಹತ್ತುವವರ ಸೊಂಟಕ್ಕೆ, ಇನ್ನೊಂದು ಕೆಳಗೆ ಬಿಲೇ ಹಿಡಿದವನ, ಅಂದರೆ ಹತ್ತುವವರು ಬೀಳದಂತೆ ಹಗ್ಗ ಬಿಗಿಹಿಡಿದು ಕಾಯುವವನ, ಕೈಗೆ. ಜಾರಿದರೆ ಒಂದೆರಡು ಅಡಿಗಿಂತ ಹೆಚ್ಚು ಬೀಳುವುದಿಲ್ಲ.

ಶನಿವಾರ

ಜನವರಿ, ಸಂಕ್ರಾಂತಿ ಕಳೆದ ಮೇಲಿನ ಶನಿವಾರ. ಬಾದಾಮಿಯದು ಮರಳುಗಲ್ಲು. ಮಳೆ ಕುಡಿದ ಮರಳುಗಲ್ಲು ಮೆತ್ತಗಾಗಿ ಹಿಡಿತವೇ ಕೈಯಲ್ಲಿ ಮುರಿದು ಬರುವುದುಂಟು, ಹಾಗಾಗಿ ಒಣ ಹವೆಯ ಚಳಿಗಾಲವೇ ಸರಿ. ಬೆಳಗಿನ 5.15ಕ್ಕೆ ಧಾರವಾಡ ಬಿಟ್ಟೆವು. ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ದಾಟಿ ಬಾದಾಮಿ ಮುಟ್ಟಿದಾಗ ಎಂಟಾಗಿತ್ತು. ಎರಡು ಕಾರು: ಅಕ್ಕೋರು, ಯಜಮಾನರು, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ನಾನು. ಗದಗಿನಿಂದ ಮಗಳು ಮತ್ತು ಅಳಿಯ ನೇರ ಅಲ್ಲಿಗೇ ಬಂದಿದ್ದರು. ಬಂಡೆಯ ಹತ್ತಿರ ಸ್ಥಳೀಯ ತರಬೇತುದಾರ ಹುಡುಗ ಹಗ್ಗ ಹಾಕಿ ಕಾಯುತ್ತಿದ್ದ.

ಸ್ಮಾರಕಗಳ ಕಡೆಗೆ ಹತ್ತುವಂತಿಲ್ಲ. ನಮ್ಮ ಬಂಡೆ ಅವುಗಳಿಂದ ದೂರ, ಮುಳ್ಳುಕಂಟಿಯ ನಡುವೆ ಉರುಳುಗಲ್ಲಿನ ಕಾಲುದಾರಿಯಲ್ಲಿ ಇಪ್ಪತ್ತು ನಿಮಿಷದ ನಡಿಗೆ. ಅಕ್ಕೋರು ಕೋಲು ಹಿಡಿದು ಅರ್ಧ ತಾಸಿನಲ್ಲಿ ಬಂದರು. ಹುಡುಗ ಮೊದಲು ಮಾಡಿದ್ದು ತಲೆಯೆತ್ತಿ ಹೆಜ್ಜೇನು ನೋಡಿದ್ದು. ಆಮೇಲೆ ಅಳಿಯನ ಕಡೆ ತಿರುಗಿ, "ಅತ್ತರ ಹಚ್ಚೀರೇನ್ರಿ ಸರ? ಸ್ವಲ್ಪ ಆ ಕಡೆ ಕುಂದರ್ರಿ" ಅಂದ. ಬಾದಾಮಿಯ ಬಂಡೆಗಳಲ್ಲಿ ಜೇನುಹುಟ್ಟು ಹೊಸದಲ್ಲ, ಘಾಟು ವಾಸನೆಗೆ ಅವು ಏಳುತ್ತವೆ. ಅಳಿಯ ಮುಖ ಸಣ್ಣದು ಮಾಡಿಕೊಂಡು ದೂರ ಹೋಗಿ ಕೂತರು.

ನಮ್ಮ ಯೋಜನೆಯಲ್ಲಿ ಮೊದಲ ಸರದಿ ಅಕ್ಕೋರದು: ಬಂಡೆ ತಂಪಿರುವಾಗ, ಮೈ ಹುರುಪಿನಲ್ಲಿರುವಾಗ. ಆದದ್ದೇ ಬೇರೆ. ಹಿಡಿತಗಳು ಹೇಗಿವೆ ನೋಡುತ್ತೇನೆಂದು ಮಗ ಒಮ್ಮೆ ಹತ್ತಿದ. ಮೊಮ್ಮಗಳು ತನಗೂ ಬೇಕೆಂದು ಹಟ ಹಿಡಿದಳು, ಅರ್ಧಕ್ಕೆ ಹೋಗಿ ಅತ್ತಳು, ಇಳಿದ ಮೇಲೆ ಮತ್ತೆ ಬೇಕೆಂದಳು. ಸೊಸೆ ಹತ್ತಿದರು. ಅತ್ತರಿನ ವಾಸನೆ ಹೋಯಿತೆಂದು ಅಳಿಯನೂ ಬಂದರು. ಪ್ರತಿ ಸಲವೂ ಅಕ್ಕೋರ ಬಾಯಲ್ಲಿ ಒಂದೇ ಮಾತು: "ನೀವು ಮಾಡ್ರಿ, ನಂದೇನ ಅವಸರ ಇಲ್ಲ." ಜೀವಮಾನವಿಡೀ ಎಲ್ಲರೂ ಉಂಡ ಮೇಲೆ ತಾಟು ಹಾಕಿಕೊಂಡವರಿಂದ ಬೇರೆ ಉತ್ತರ ಬರುವುದಿಲ್ಲ. ಅದನ್ನು ಮಕ್ಕಳು ನಿಜವೆಂದೇ ನಂಬುತ್ತಾರೆ, ಏಕೆಂದರೆ ನಂಬುವುದು ಅನುಕೂಲ.

ಅವರ ಸರದಿ ಬಂದಾಗ 10.50. ಬಿಸಿಲು ಬಂಡೆಯ ಮೇಲರ್ಧಕ್ಕೆ ಇಳಿದಿತ್ತು. ಕಲ್ಲಿನ ಮೇಲೆ ಕೂತಿದ್ದವರು ಎದ್ದು ನಿಂತರು, ಹುಡುಗ ಹೆಲ್ಮೆಟ್ಟಿನ ಪಟ್ಟಿ ಬಿಗಿಯಲು ಗದ್ದ ಎತ್ತಿಸಿದ. ಅವರ ಕೈ ಗಾಳಿಯಲ್ಲಿ ಏನನ್ನೋ ಹುಡುಕಿ ಸೊಸೆಯ ಭುಜ ಹಿಡಿಯಿತು. ಮುಖ ಬಿಳಿಚಿಕೊಂಡಿತ್ತು. "ಕಣ್ಣಿಗೆ ಕತ್ತಲಿ ಬಂದಂಗಾತು" ಎಂದರು.

ಆಮೇಲಿನ ಎರಡು ನಿಮಿಷ ಗದ್ದಲ. ಮಗಳಿಗೆ ಅದು ಹಾರ್ಟು. ಅಳಿಯನಿಗೆ ಶುಗರ್ರು. ಮಗನಿಗೆ ಎತ್ತರದ ಹೆದರಿಕೆ, "ಹೆದರಬ್ಯಾಡ ಬೇ ಯವ್ವಾ, ಏನೂ ಆಗೂದಿಲ್ಲ" ಎಂದು ಒಂದೇ ಸಮನೆ. ಅವರಿನ್ನೂ ನೆಲದ ಮೇಲೇ ಇದ್ದರೆಂಬುದು ಅವನ ಲಕ್ಷ್ಯಕ್ಕೆ ಬರಲಿಲ್ಲ.

ನೆರಳಿನಲ್ಲಿ ಮಲಗಿಸಿ, ಹಗ್ಗದ ಚೀಲವನ್ನು ಕಾಲ ಕೆಳಗಿಟ್ಟು, ಹಾರ್ನೆಸ್ ಸಡಿಲಿಸಿದೆವು. ಎದೆ ನೋವು, ಉಸಿರು ಕಟ್ಟುವುದು, ದವಡೆ ಅಥವಾ ತೋಳಿಗೆ ಹರಿಯುವ ನೋವು, ತಣ್ಣನೆ ಬೆವರು ಯಾವುದೂ ಇಲ್ಲ. ಮಾತು ಸ್ಪಷ್ಟ, ಮುಖ ಸೊಟ್ಟಗಿಲ್ಲ, ಎರಡೂ ಕೈ ಸಮನಾಗಿ ಏಳುತ್ತವೆ. ನಾಡಿ ಚುರುಕು, ಆದರೆ ಲಯ ತಪ್ಪಿಲ್ಲ. ಸಕ್ಕರೆಯ ಔಷಧವೇ ಇಲ್ಲದವರಿಗೆ ಶುಗರ್ ಏಕಾಏಕಿ ಇಳಿಯುವುದು ಅಪರೂಪ. ಅಷ್ಟರಲ್ಲಿ ಯಜಮಾನರು ತಮ್ಮ ಕೈಚೀಲದಿಂದ ಬಿ.ಪಿ. ಯಂತ್ರ ಹೊರತೆಗೆದರು. ಈ ಉಸಾಬರಿ ಬೇಡವೆಂದವರೇ ಸೆಲ್ಲು ಬದಲಿಸಿ ತಂದಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೂರಿಸಿ ನೋಡಿದರೆ 118/74. ಇಬ್ಬರು ಹಿಡಿದು ನಿಲ್ಲಿಸಿ ನೋಡಿದರೆ 94/60. ಇಳಿತ 24.

ಕಾರಣ ಹಿಡಿದವರೂ ಯಜಮಾನರೇ. ಹೆಂಡತಿಯ ಚೀಲದಿಂದ ಒಂದು ಲೀಟರಿನ ಸ್ಟೀಲ್ ಬಾಟ್ಲಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಮುಚ್ಚಳ ತಿರುಗಿಸಿದರೆ ನೀರು ಕಂಠದವರೆಗೆ ಇತ್ತು. "ನಾನs ತುಂಬಿಸೇನಿ ಇದನ್ನ, ನಾಕೂವರಿಗೆ. ಒಂದು ಗುಟಕೂ ಕಡಿಮಿ ಆಗಿಲ್ಲ ನೋಡ್ರಿ."

ಅರ್ಧ ತಾಸಿಗೊಮ್ಮೆ ನೀರು ಕುಡಿಯಬೇಕೆಂದು ಎಲ್ಲರೂ ಹೇಳಿದ್ದೆವು. ಅವರು ಪ್ರತಿ ಸಲವೂ ಹೂಂ ಅಂದಿದ್ದರು. ಯಾಕೆ ಕುಡಿಯಲಿಲ್ಲ ಎಂದು ಕೇಳಿದರೆ "ನೀರಡಿಕಿ ಆಗಿಲ್ರಿ" ಅಂದರು. ವಯಸ್ಸಾದಂತೆ ಬಾಯಾರಿಕೆಯೇ ಮಂದವಾಗುವುದು ನಿಜ, ಆದರೆ ಆ ಉತ್ತರದಲ್ಲಿ ಪೂರ್ತಿ ಸತ್ಯವಿರಲಿಲ್ಲ. ನಾನು ಸೊಸೆಗೆ ಸನ್ನೆ ಮಾಡಿದೆ. ಗಂಡಸರೆಲ್ಲ ಆಚೆ ಸರಿದೆವು. ಸೊಸೆ ಕೆಳದನಿಯಲ್ಲಿ ಕೇಳಿದಾಗ ವಿಷಯ ಬಿಚ್ಚಿಕೊಂಡಿತು. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದಾಗ ಅಕ್ಕೋರು ಶೌಚಾಲಯಕ್ಕೆ ಹೋಗಿ ಬಾಗಿಲಿನಿಂದಲೇ ವಾಪಸು ಬಂದಿದ್ದರು. ಒಳಗೆ ಕಾಲಿಡುವಂತಿರಲಿಲ್ಲ. ಬಂಡೆಯ ಹತ್ತಿರವಂತೂ ಏನೂ ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಬಾಟ್ಲಿ ಮುಟ್ಟಲೇ ಇಲ್ಲ. ಎದ್ದಾಗ ಕುಡಿದ ಅರ್ಧ ಕಪ್ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಬೆಳಗಿನಿಂದ ತಡೆದುಕೊಂಡೇ ಕೂತಿದ್ದರು. ಶಾಲೆಯ ಪ್ರವಾಸಗಳಲ್ಲೂ ಅವರ ಪದ್ಧತಿ ಅದೇ, ನೀರು ಬಿಟ್ಟರೆ ಮುಗಿಯಿತು. ನಮ್ಮ ಶಿಕ್ಷಕಿಯರನ್ನು, ಬಸ್ ಕಂಡಕ್ಟರ್ ಹೆಣ್ಣುಮಕ್ಕಳನ್ನು, ಸಂತೆಯಲ್ಲಿ ಕೂರುವವರನ್ನು ಕೇಳಿ ನೋಡಿ, ಇದನ್ನು ಯಾರೂ ವಿಚಿತ್ರವೆನ್ನುವುದಿಲ್ಲ.

ಇದರ ಮೇಲೆ ಗುಳಿಗೆ. ಅಕ್ಕೋರದು ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ. ಎರಡನೆಯದು ಮೂತ್ರದ ಮೂಲಕ ಉಪ್ಪು, ನೀರು ಹೊರಹಾಕಿ ಬಿ.ಪಿ. ಇಳಿಸುವ ಔಷಧ. ದಿನವೂ ಎಂಟರ ತಿಂಡಿಯ ಮೇಲೆ ನುಂಗುತ್ತಿದ್ದುದನ್ನು ಅಂದು ಐದಕ್ಕೇ, ಖಾಲಿ ಹೊಟ್ಟೆಗೆ ನುಂಗಿದ್ದರು. ಅದರ ಪ್ರಭಾವ ನುಂಗಿದ ನಾಲ್ಕು ತಾಸಿನ ಆಸುಪಾಸಿನಿಂದ ಜೋರು. ಒಂದು ಕಡೆ ಔಷಧ ನೀರು ಹೊರತಳ್ಳುತ್ತಿದೆ, ಇನ್ನೊಂದು ಕಡೆ ಒಳಗೆ ಬರುವುದು ಬಂದ್. ಕೂತಲ್ಲಿಂದ ಎದ್ದಾಗ ರಕ್ತ ಕಾಲಿಗಿಳಿಯಿತು, ಮೇಲೆ ನೂಕಲು ಒತ್ತಡ ಸಾಲಲಿಲ್ಲ. ಹಗ್ಗಕ್ಕೂ ಎತ್ತರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆ ಇಡೀ ದಿನದಲ್ಲಿ ಅವರಿಗೆ ಎಲ್ಲಕ್ಕಿಂತ ಸುರಕ್ಷಿತ ಜಾಗವೆಂದರೆ ಹಗ್ಗದ ತುದಿ. ಅಪಾಯ ಇದ್ದದ್ದು ಹಗ್ಗದ ಆಚೀಚಿನ ಏಳೆಂಟು ತಾಸಿನಲ್ಲಿ, ಮತ್ತು ಅದರ ಬಗ್ಗೆ ಮನೆಯವರು ಕೇಳದ, ಕೇಳಿದರೂ ಗಂಡುಮಕ್ಕಳ ಮುಂದೆ ಹೇಳಲಾಗದ ಮಾತಿನಲ್ಲಿ.

ದೊಡ್ಡ ಬಂಡೆಯೊಂದರ ಹಿಂದೆ ಸೊಸೆ ಮತ್ತು ಮಗಳು ಶಾಲು ಅಡ್ಡ ಹಿಡಿದರು, ಮೊಮ್ಮಗಳು ಕಾವಲು ನಿಂತಳು. ಅದು ಮುಗಿದ ಮೇಲೆ ಓ.ಆರ್.ಎಸ್. ಕರಗಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಬಾಳೆಹಣ್ಣನ್ನು ಮಂಗ ಒಯ್ದಿತ್ತು. ಐವತ್ತು ನಿಮಿಷದ ಮೇಲೆ ನಿಲ್ಲಿಸಿ ನೋಡಿದಾಗ 116/72.

ಹತ್ತಬೇಕೋ, ಬೇಡವೋ

ಈಗ ಆರಾಮಿದ್ದಾರಲ್ಲ ಎಂದು ಮಗ. ಕೂಡಲೇ ಧಾರವಾಡಕ್ಕೆ ಹೊರಡಬೇಕು ಎಂದು ಮಗಳು. ಇಬ್ಬರೂ ಅಕ್ಕೋರ ತಲೆಯ ಮೇಲಿಂದ ವಾದ ಮಾಡುತ್ತಿದ್ದರು. "ಆಕಿನ್ನ ಯಾರರ ಕೇಳೀರೇನು?" ಅಂದವರು ಯಜಮಾನರು. ಅಕ್ಕೋರು ಹೇಳಿದ್ದು, ಹತ್ತಬೇಕು, ಆದರೆ ಇವತ್ತು ಕಾಲಾಗ ಜೀವ ಇಲ್ಲ.

ಅಂದು ಬೇಡವೆಂಬುದೇ ನನ್ನ ನಿರ್ಧಾರವೂ ಆಗಿತ್ತು. ಅತಿ ಎಚ್ಚರವೆಂದು ಕೆಲವರಿಗೆ ಅನಿಸಬಹುದು. ನೋಡಿ, ಕಾರಣ ಹೀಗಿರಬೇಕು ಎಂಬುದಕ್ಕೂ ಹೀಗೇ ಎಂಬುದಕ್ಕೂ ವ್ಯತ್ಯಾಸವಿದೆ. ಕಣ್ಣು ಕತ್ತಲಿಟ್ಟದ್ದು ಮತ್ತೊಮ್ಮೆ ಹಗ್ಗದ ಮೇಲೆ ಆದರೆ ಬೀಳುವುದಿಲ್ಲ ನಿಜ, ಆದರೆ ಪ್ರಜ್ಞೆ ಇಲ್ಲದೆ ಹಾರ್ನೆಸ್ಸಿನಲ್ಲಿ ತೂಗುವ ಮೈಯಲ್ಲಿ ರಕ್ತ ಕಾಲಲ್ಲೇ ನಿಲ್ಲುತ್ತದೆ, ಕೆಲವೇ ನಿಮಿಷದಲ್ಲಿ ಇಳಿಸದಿದ್ದರೆ ಜೀವಕ್ಕೆ ಕುತ್ತು. ಬಿಸಿಲೂ ಏರಿತ್ತು. ಅವರ ವೈದ್ಯರಿಗೆ ಫೋನು ಮಾಡಿ ಅಂಕಿಗಳನ್ನೆಲ್ಲ ಹೇಳಿದೆ. ಮತ್ತೆ ಹೀಗಾದರೆ ಅಥವಾ ಎದೆಯಲ್ಲಿ ಏನಾದರೂ ಅನಿಸಿದರೆ ನೇರ ಆಸ್ಪತ್ರೆ, ಇಲ್ಲದಿದ್ದರೆ ವಿಶ್ರಾಂತಿ, ನಾಳೆಯ ಗುಳಿಗೆ ಮಧ್ಯಾಹ್ನ ಊಟದ ಮೇಲೆ, ಊರಿಗೆ ಬಂದ ಮೇಲೆ ಇ.ಸಿ.ಜಿ. ಮತ್ತು ರಕ್ತಪರೀಕ್ಷೆ ಎಂದರು. ಗುಳಿಗೆಯ ಹೊತ್ತನ್ನು ನಾವಾಗಿ ಬದಲಿಸುವಂತಿಲ್ಲ, ಆ ಮಾತು ಅವರ ಬಾಯಿಂದಲೇ ಬರಬೇಕಿತ್ತು.

ಲಾಡ್ಜಿನಲ್ಲಿ ಉಳಿದೆವು. ಸಂಜೆ ಉಳಿದವರು ಗುಹೆಗಳ ಮೆಟ್ಟಿಲು ಹತ್ತಿದರೆ, ಅಕ್ಕೋರು ಮೊಣಕಾಲು ಉಳಿಸಿಕೊಳ್ಳಲು ಯಜಮಾನರ ಜೊತೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಅಡ್ಡಾಡಿದರು. ಮಗಳು ಮೊಮ್ಮಗಳಿಗೆ ಮೂರನೇ ಗುಹೆಯ ಇಸವಿ ತಪ್ಪು ಹೇಳಿದ್ದು ರಾತ್ರಿ ಊಟಕ್ಕೆ ಕೂತಾಗ ಬಯಲಾಗಿ ಸಣ್ಣ ಪಾಠವೇ ನಡೆಯಿತು.

ಭಾನುವಾರ

ಐದೂವರೆಗೆ ಎದ್ದು, ಆರರೊಳಗೆ ಅರ್ಧ ಲೀಟರ್ ನೀರು. ಎರಡು ಇಡ್ಲಿ. ಲಾಡ್ಜಿನ ಶೌಚಾಲಯ. ನಿಂತಾಗಿನ ಬಿ.ಪಿ. 128/78. ಏಳೂಕಾಲಿಗೆ ಬಂಡೆಯ ಬುಡ, ಮೊದಲ ಸರದಿ. ಇನ್ನೊಂದು ಕರಾರು ಮಾಡಿದ್ದೆವು: ಕೆಳಗಿನಿಂದ ಮಾತಾಡುವವನು ತರಬೇತುದಾರ ಹುಡುಗ ಒಬ್ಬನೇ.

ಕೈ ಬಿಗಿದು ಹಿಡಿದಾಗ, ಅದರಲ್ಲೂ ಉಸಿರು ಕಟ್ಟಿದಾಗ, ಬಿ.ಪಿ. ಸರ್ರನೆ ಏರುತ್ತದೆ. ಹೊಸಬರೆಲ್ಲ ಉಸಿರು ಕಟ್ಟಿಯೇ ಹತ್ತುತ್ತಾರೆ. ಉಸಿರಾಡಿ ಎಂದು ಹೇಳಿದರೆ ಮೂರು ಸಲ ಆಡಿ ಮರೆಯುತ್ತಾರೆ. ಏನಾದರೂ ಬಾಯಿಬಿಟ್ಟು ಹೇಳುತ್ತ ಹತ್ತಿ ಎಂದಿದ್ದೆ, ದೇವರ ನಾಮವನ್ನೋ ವಚನವನ್ನೋ ಹೇಳುತ್ತಾರೆಂದು ಎಣಿಸಿ. ಅಕ್ಕೋರು ಮಗ್ಗಿ ಹಿಡಿದರು. "ಎರಡ ಒಂದ್ಲೆ ಎರಡು" ಎಂದು ಬಲಗಾಲು. "ಎರಡ ಎರಡ್ಲೆ ನಾಕು" ಎಂದು ಎಡಗಾಲು. ಎರಡರ ಮಗ್ಗಿ ಮುಗಿದಾಗ ಬಂಡೆಯ ಕಾಲು ಭಾಗ ಮುಗಿದಿತ್ತು. ಮಾತಾಡುವ ಬಾಯಿ ಉಸಿರು ಕಟ್ಟಲಾರದು. ಮೂರರ ಮಗ್ಗಿಯ ನಡುವೆ ಒಂದು ಕಡೆ ಬಲಗಾಲಿಗೆ ಜಾಗ ಸಿಗದೆ ತಡವರಿಸಿದರು. ಹಳೆಯ ಕನ್ನಡಕದೊಳಗಿಂದ ಕೆಳಗೆ ನೋಡಿ, ಮೊಣಕಾಲೆತ್ತರದಲ್ಲಿದ್ದ ದೊಡ್ಡ ಹಿಡಿತ ಬಿಟ್ಟು, ಗೇಣಿಗೊಂದು ಸಿಗುವ ಸಣ್ಣ ಉಬ್ಬುಗಳ ಮೇಲೆ ಪಾದವಿಟ್ಟು ಮೇಲೇರಿದರು. ಸವೆದ ಮೊಣಕಾಲನ್ನು ಆಳವಾಗಿ ಮಡಚಿ ಎದ್ದರೆ ನೋವು ಖಚಿತ ಎಂದು ತಿಂಗಳಿಂದ ಹೇಳಿದ್ದನ್ನು ಅವರು ಮರೆತಿರಲಿಲ್ಲ.

ಎಂಟು ಮೀಟರಿನ ಹತ್ತಿರ ಒಂದು ಅಟ್ಟಣೆಯಂಥ ಜಾಗವಿದೆ. ಅಲ್ಲಿ ನಿಂತು, "ಸಾಕು" ಅಂದರು. ಮಗನಿಗೆ ತಡೆಯಲಾಗಲಿಲ್ಲ. "ಇನ್ನ ಸ್ವಲ್ಪs ಐತಿ ಬೇ ಯವ್ವಾ! ಮುಗಿಸಿಬಿಡು!" ಮೇಲಿನಿಂದ ಶಾಲೆಯ ದನಿ ಬಂತು: "ಬಾಯಿ ಮುಚ್ಚು. ಯಾರು ಹತ್ತಾಕತ್ತಾರ, ನೀನೋ ನಾನೋ?" ಬಿಲೇ ಹಿಡಿದ ಹುಡುಗ ನಕ್ಕ, ಆದರೆ ಹಗ್ಗದಿಂದ ಕಣ್ಣು ತೆಗೆಯಲಿಲ್ಲ.

"ಅಮ್ಮಾರ, ಕೈ ಬಿಟ್ಟು ಕುಂದರ್ರಿ" ಎಂದ ಕೂಡಲೇ ಅವರು ಕೂತರು. ಹತ್ತಾರು ಗಟ್ಟಿಮುಟ್ಟಾದ ಕಾಲೇಜು ಹುಡುಗರು ಈ ಘಳಿಗೆಯಲ್ಲಿ ಬಂಡೆಗೆ ಹಲ್ಲಿಯಂತೆ ಅಂಟಿಕೊಂಡದ್ದನ್ನು ನೋಡಿದ್ದೇನೆ. ಅಕ್ಕೋರು ಪಡಸಾಲೆಯಲ್ಲಿ ಕೂತಷ್ಟೇ ನಿರಾಳವಾಗಿ ಹಿಂದಕ್ಕೆ ವಾಲಿ ನಡೆಯುತ್ತ ಇಳಿದರು. ಅರ್ಧದಲ್ಲಿ ಹುಡುಗನಿಗೆ ನಿಲ್ಲಿಸಲು ಹೇಳಿ, ಒಂದು ನಿಮಿಷ ತೂಗುತ್ತ, ಕೆಳಗಿದ್ದವರನ್ನು ಎಣಿಸಿದರು. ಯಜಮಾನರು ಫೋಟೋ ತೆಗೆದರು, ಬೆರಳು ಅಡ್ಡ ಬಂದಿತ್ತು.

ನಿಜವಾದ ಕಷ್ಟ ಆಮೇಲೆ. ಸವೆದ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದು ಭಾರ. ಹಿಂದಿನ ದಿನ ಹೋಗಿ ಬಂದ ಆ ಉರುಳುಗಲ್ಲಿನ ದಾರಿಯನ್ನು ಮತ್ತೊಮ್ಮೆ ಇಳಿಯುವಾಗ ಬಲ ಮೊಣಕಾಲು ಊದಿಕೊಂಡಿತು. ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ತಾಸು ಹಿಡಿಯಿತು, ಕೊನೆಯ ಭಾಗದಲ್ಲಿ ಮಗ ಮತ್ತು ಅಳಿಯ ಎರಡೂ ಕಡೆ ತೋಳು ಕೊಟ್ಟರು. ಕಾರಿನಲ್ಲಿ ಮಂಜುಗಡ್ಡೆಯ ಪೊಟ್ಟಣ ಮೊಣಕಾಲಿಗೆ ಕಟ್ಟಿದ್ದೆವು. ಊತ ಇಳಿಯಲು ಹತ್ತು ದಿನ ಬೇಕಾಯಿತು.

ಊರಿಗೆ ಬಂದ ಮೇಲೆ

ಇ.ಸಿ.ಜಿ. ಸರಿಯಿತ್ತು. ರಕ್ತದಲ್ಲಿ ಸೋಡಿಯಂ 133 ಬಂತು. 135 ಇರಬೇಕಾದ ಕಡೆ ಅದು ತುಸು ಕಡಿಮೆ, ಆ ಬಗೆಯ ಮೂತ್ರವರ್ಧಕ ಗುಳಿಗೆಗಳು ವಯಸ್ಸಾದ ಹೆಂಗಸರಲ್ಲಿ ಹೀಗೆ ಮಾಡುವುದುಂಟು. ವೈದ್ಯರು ಆ ಗುಳಿಗೆ ಬದಲಿಸಿದರು. ಎರಡು ವಾರದ ಮೇಲಿನ ಪರೀಕ್ಷೆಯಲ್ಲಿ 138. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಆಗುತ್ತಿದ್ದ ತೂಕಡಿಕೆಯಂಥದ್ದು ಹೋಯಿತೆಂದು ಅಕ್ಕೋರು ಆಗ ಹೇಳಿದರು. ಅಂಥದ್ದೊಂದು ಇತ್ತೆಂಬುದು ಮನೆಯವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಮಗ ಮಡಚಿ ಒಯ್ಯುವ ಶೌಚದ ಡೇರೆ ತರಿಸಿದ್ದಾನೆ. ಮುಂದಿನ ಚಳಿಗಾಲಕ್ಕೆ ಕಾರು ನಿಲ್ಲುವ ಜಾಗದ ಹತ್ತಿರವೇ ಇರುವ ಬಂಡೆ ಹುಡುಕಲು ತರಬೇತುದಾರ ಹುಡುಗನಿಗೆ ಹೇಳಿದ್ದಾನೆ. ಮಗಳು ಇನ್ನೂ ಒಪ್ಪಿಲ್ಲ. ಅವರ ವಿರೋಧವನ್ನು ನಾನು ಹಗುರವಾಗಿ ನೋಡಲಾರೆ. ಅವ್ವ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಮಗ ಫೋನಿನಲ್ಲಿ ವಿಚಾರಿಸುತ್ತಾನೆ, ಗದಗಿನಿಂದ ಬಂದು ಆರು ವಾರ ಅಡಿಗೆ, ಸ್ನಾನ ನೋಡಿಕೊಳ್ಳುವವಳು ಮಗಳು. ಊತದ ಆ ಹತ್ತು ದಿನವೂ ಬಂದಿದ್ದವರು ಅವರೇ. ಈ ಮಾತನ್ನು ಅವರು ಅಣ್ಣನ ಎದುರಿಗೇ ಹೇಳಿದರು. ಏನಾದರೂ ಆದರೆ ರಜೆ ಹಾಕಿ ಬಂದು ತಾನೇ ಇರುವುದಾಗಿ ಅವನು ಒಪ್ಪಿಕೊಂಡ. ಮಗಳ ಇನ್ನೊಂದು ಷರತ್ತು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ಅದರ ವರದಿ ನೋಡದೆ ಮಾತೇ ಇಲ್ಲ ಎಂದಿದ್ದಾರೆ. ಅದು ನ್ಯಾಯವಾದ ಷರತ್ತು. ಅಕ್ಕೋರು ಹುಬ್ಬಳ್ಳಿಯಲ್ಲಿ ಸ್ಕ್ಯಾನಿಗೆ ಹೆಸರು ಬರೆಸಿದ್ದಾರೆ, ಮತ್ತು ನಾಲ್ಕು ಮೀಟರ್ ಬಾಕಿ ಉಳಿದಿದೆ ಎಂದು ಕ್ಲಿನಿಕ್ಕಿಗೆ ಬಂದಾಗಲೆಲ್ಲ ನನಗೆ ನೆನಪಿಸುತ್ತಾರೆ.